ಹೇಳಬಂದವನಿಗೆ ವಕೀಲರು ಯಾರು?

ಚಾಮರಾಜನಗರದಲ್ಲಿ ಬೆಳಗಿನ ಬಸ್ಸು ಹತ್ತಿ, ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದರೆ ಬಣ್ಣಾರಿ, ಆಮೇಲೆ ಸತ್ಯಮಂಗಲ, ಗೋಬಿಚೆಟ್ಟಿಪಾಳ್ಯ. ಗೋಬಿಯಲ್ಲಿ ತಿರುಪ್ಪೂರಿನ ಬಸ್ಸು ಹಿಡಿದರೆ ದಾರಿಯಲ್ಲಿ ಕುನ್ನತ್ತೂರು ಸಿಗುತ್ತದೆ. ನಮ್ಮ ಧರ್ಮಕೇಂದ್ರದ ಕೆಲವು ಕುಟುಂಬಗಳು ಅಲ್ಲಿ ಬಾಡಿಗೆ ಮನೆಗಳಲ್ಲಿವೆ. ತಿರುಪ್ಪೂರಿಗಿಂತ ಬಾಡಿಗೆ ಕಡಿಮೆ. ಬೆಳಿಗ್ಗೆ ಕಂಪನಿಯ ವ್ಯಾನು ಮನೆಯ ಹತ್ತಿರವೇ ಬಂದು ಕರೆದೊಯ್ಯುತ್ತದೆ. ಗಂಡಸರು ಕಟಿಂಗ್, ಹೆಂಗಸರು ಟೈಲರಿಂಗ್, ಹೊಸದಾಗಿ ಹೋದ ಹುಡುಗಿಯರು ನೂಲು ಕತ್ತರಿಸುವ ಕೆಲಸ. ವರ್ಷಕ್ಕೊಮ್ಮೆ, ತಪಸ್ಸು ಕಾಲದಲ್ಲಿ, ನಾವು ಅಲ್ಲಿಗೆ ಹೋಗಿ ಒಂದು ರಾತ್ರಿ ಇದ್ದು ಬರುವುದು ವಾಡಿಕೆ.

2023ರಲ್ಲಿ ಹೋದಾಗ ನಮ್ಮ ಜೊತೆಯಲ್ಲಿ ಒಬ್ಬ ತಾಯಿಯೂ ಬಂದಿದ್ದರು. ಅವರ ಮಗ ಬಿ.ಕಾಂ. ಮುಗಿಸಿ ತಿರುಪ್ಪೂರಿನ ಒಂದು ರಫ್ತು ಕಂಪನಿಯಲ್ಲಿ ಲೆಕ್ಕಪತ್ರ ವಿಭಾಗದಲ್ಲಿದ್ದ. ನಮ್ಮ ಕಡೆಯಿಂದ ಹೋದವರಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರದೆ ಕಂಪ್ಯೂಟರಿನ ಮುಂದೆ ಕುಳಿತ ಮೊದಲಿಗ ಅವನೇ. ಹೆಸರು ಬೇಡ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇವೆ.

ರಾತ್ರಿ ಊಟವಾದ ಮೇಲೆ ಅವನು ನಮ್ಮನ್ನು ಬಸ್ ನಿಲ್ದಾಣದ ಕಡೆಗೆ ನಡೆಸಿಕೊಂಡು ಹೋದ. ಒಂದು ಟೀ ಅಂಗಡಿಯ ಹೊರಗೆ ನಿಂತು, "ಫಾದರ್, ಇದು ಪಾಪನಿವೇದನೆ ಅಲ್ಲ, ಆದ್ರೂ ಒಂದು ಹೇಳ್ಬೇಕು," ಎಂದ.

ಅವನು ಹೇಳಿದ್ದು ಇಷ್ಟು. ಅವರ ಕಂಪನಿ ಯುರೋಪಿನ ಒಂದು ದೊಡ್ಡ ಸಂಸ್ಥೆಗೆ ಬನಿಯನ್ನು, ಟೀ ಶರ್ಟು ಹೊಲಿದು ಕೊಡುತ್ತದೆ. ಆ ಸಂಸ್ಥೆಯ ಭಾರತದ ಕಚೇರಿಗೆ ಸಂಬಂಧಿಸಿದ ಕೆಲಸವೊಂದು ಸರಕಾರಿ ಕಚೇರಿಯಲ್ಲಿ ಸಿಕ್ಕಿಕೊಂಡಾಗ, ಹಣ ಕೊಟ್ಟು ಬಿಡಿಸುವವರು ಇವರು. ಒಬ್ಬ ಏಜೆಂಟನಿಗೆ ನಗದು ಹೋಗುತ್ತದೆ. ಪುಸ್ತಕದಲ್ಲಿ 'ಇತರೆ ಸಾಗಣೆ ವೆಚ್ಚ' ಎಂದು ಬರೆಯುತ್ತಾರೆ. ಕೊಟ್ಟ ಹಣ ಪೀಸಿಗೆ ಇಂತಿಷ್ಟು ಪೈಸೆ ಎಂದು ಮುಂದಿನ ಆರ್ಡರಿನ ಬೆಲೆಯಲ್ಲಿ ಸೇರಿ ವಿದೇಶದಿಂದ ವಾಪಸು ಬರುತ್ತದೆ. ವಿದೇಶಿ ಸಂಸ್ಥೆಯ ಕೈ ಸ್ವಚ್ಛ, ಲೆಕ್ಕ ಸ್ವಚ್ಛ. "ಆ ವೋಚರ್ ಬರೆಯೋನು ನಾನು ಕಣ್ ಫಾದರ್. ಗೋಡೆ ಮೇಲೆ ಅವರದೇ ಬೋರ್ಡ್ ಐತೆ. ಲಂಚ ಕಂಡ್ರೆ ಈ ನಂಬರಿಗೆ ಹೇಳಿ ಅಂತ. ಹೇಳ್ಲಾ?"

ನಾವು ಆಗ ಕೊಟ್ಟ ಉತ್ತರವನ್ನು ಬರೆಯಲು ಈಗಲೂ ಸಂಕೋಚವಾಗುತ್ತದೆ. ಗುರುಮಠದಲ್ಲಿ ನೀತಿಶಾಸ್ತ್ರ ಓದಿದ್ದೇವೆ. ಕೇಡಿಗೆ ಮನಸಾರೆ ಕೈಜೋಡಿಸುವುದು ಬೇರೆ, ಮನಸ್ಸಿಲ್ಲದೆ ಕೈ ತಾಗುವುದು ಬೇರೆ ಎಂದು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಒಳ್ಳೆಯ ಅಂಕ ಪಡೆದಿದ್ದೇವೆ. ಆ ರಾತ್ರಿ ಅದರಲ್ಲಿ ಒಂದೂ ನೆನಪಿಗೆ ಬರಲಿಲ್ಲ. "ನೀನು ಸುಮ್ಮನೆ ಆ ಕೆಲಸ ಬಿಟ್ಟುಬಿಡಪ್ಪಾ. ಬೇರೆ ಕಡೆ ನೋಡೋಣ. ದೊಡ್ಡವರ ತಂಟೆ ನಮಗೇಕೆ?" ಎಂದುಬಿಟ್ಟೆವು. ಅವನು ಟೀ ಲೋಟ ಕೆಳಗಿಟ್ಟು ದುಡ್ಡು ಕೊಟ್ಟು ಬಂದ. ಮತ್ತೆ ಮಾತಾಡಲಿಲ್ಲ.

ಮರುದಿನ ವಾಪಸು ಬರುವಾಗ ಘಾಟಿಯಲ್ಲಿ ತಾಯಿ ತಾವಾಗಿಯೇ ಬಾಯಿ ತೆರೆದರು. ಮಗ ಅವರಿಗೂ ಹೇಳಿದ್ದ. "ನೀವು ಬುಟ್ಬುಡು ಅಂದ್ರಂತೆ ಫಾದರ್. ಅವ್ನು ಬುಟ್ರೆ ಆ ಸುಳ್ಳು ಪುಸ್ತಕನ ಇನ್ನೊಬ್ಳು ತಾಯಿ ಮಗ ಬರೀತಾನೆ. ಅಷ್ಟೇ ಅಲ್ವಾ?"

ನಾಲ್ಕನೆಯ ತರಗತಿಯವರೆಗೆ ಓದಿದ ಹೆಣ್ಣುಮಗಳು. ನಮಗೆ ಉತ್ತರ ಹೊಳೆಯಲಿಲ್ಲ. ಕಿಟಕಿಯಾಚೆ ನೋಡುತ್ತ ಕುಳಿತೆವು.

ಇಂಥವರನ್ನು ಪತ್ರಿಕೆಗಳು 'ವಿಷಲ್ ಬ್ಲೋವರ್' ಎಂದು ಕರೆಯುತ್ತವೆ. ಕನ್ನಡದಲ್ಲಿ ಇವರಿಗೊಂದು ಗೌರವದ ಹೆಸರು ಇನ್ನೂ ನೆಲೆಗೊಂಡಿಲ್ಲ. ನಮ್ಮ ಬಾಯಲ್ಲಿ ಇರುವ ಪದಗಳು ಚಾಡಿಕೋರ, ಉಂಡ ಮನೆಗೆ ಎರಡು ಬಗೆಯುವವ. ಪದವೇ ಇಲ್ಲದ ಮೇಲೆ ರಕ್ಷಣೆ ಎಲ್ಲಿಂದ ಬರಬೇಕು?

ನಮ್ಮ ಅಂಜಿಕೆಗೆ ಒಂದು ಕಾರಣವೂ ಇತ್ತು. 2005ರ ನವೆಂಬರಿನಲ್ಲಿ ನಾವು ಗುರುಮಠದಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಗಳು. ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಕೋಲಾರ ಚಿನ್ನದ ಗಣಿ ಊರಿನ ಹುಡುಗ ಮಂಜುನಾಥ್ ಷಣ್ಮುಗಂ ಅವರ ಸುದ್ದಿ ಬಂದಿತ್ತು. ಮೈಸೂರಿನ ಎಸ್.ಜೆ.ಸಿ.ಇ.ಯಲ್ಲಿ ಇಂಜಿನಿಯರಿಂಗ್, ಲಖನೌದ ಐ.ಐ.ಎಂ.ನಲ್ಲಿ ಆಡಳಿತ ನಿರ್ವಹಣೆ ಓದಿ ಇಂಡಿಯನ್ ಆಯಿಲ್ ಸೇರಿದ್ದವರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯ ಗೋಲಾ ಗೋಕರ್ಣನಾಥದಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿಗೆ ಬೀಗ ಜಡಿಸಿದ್ದರು. ನವೆಂಬರ್ 19ರಂದು ಗುಂಡಿಟ್ಟು ಕೊಂದರು. ವಯಸ್ಸು 27. ನಮಗಿಂತ ಒಂದೆರಡು ವರ್ಷ ದೊಡ್ಡವರು, ಅಷ್ಟೆ. ಆ ಸಂಜೆ ಜಪಸರ ಹೇಳುವಾಗ ನಮ್ಮಲ್ಲಿ ಹಲವರಿಗೆ ಅವರ ನೆನಪಿತ್ತು. ಅದಕ್ಕೆ ಎರಡು ವರ್ಷ ಮೊದಲು, 2003ರ ನವೆಂಬರ್ 27ರಂದು, ಹೆದ್ದಾರಿ ಪ್ರಾಧಿಕಾರದ ಇಂಜಿನಿಯರ್ ಸತ್ಯೇಂದ್ರ ದುಬೆ ಅವರನ್ನು ಗಯಾದಲ್ಲಿ ಕೊಂದಿದ್ದರು. ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಬರೆದು, ತನ್ನ ಹೆಸರು ಗುಟ್ಟಾಗಿರಲಿ ಎಂದು ಕೇಳಿಕೊಂಡಿದ್ದರು. ಆ ಕಾಗದ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಅಲೆದಿತ್ತು.

ಮಂಜುನಾಥರ ವಿಷಯದಲ್ಲಿ ಆಮೇಲೆ ನಡೆದದ್ದನ್ನು ಕಡಿಮೆ ಜನ ಬಲ್ಲರು. ಐ.ಐ.ಎಂ.ನ ಹಳೆಯ ವಿದ್ಯಾರ್ಥಿಗಳು ಒಟ್ಟುಗೂಡಿ ಅವರ ಹೆಸರಿನಲ್ಲಿ ಟ್ರಸ್ಟ್ ಮಾಡಿದರು, ಮೊಕದ್ದಮೆಯ ಬೆನ್ನು ಬಿಡದೆ ನಿಂತರು. ಲಖನೌದ ವಕೀಲ ಐ.ಬಿ. ಸಿಂಗ್ ಕುಟುಂಬದ ಪರ ನಿಂತರು. 2007ರಲ್ಲಿ ಬಂಕಿನ ಮಾಲೀಕನ ಮಗನಿಗೆ ಮರಣದಂಡನೆ, ಸಂಗಡಿಗರಿಗೆ ಜೀವಾವಧಿ ಶಿಕ್ಷೆಯಾಯಿತು. 2009ರಲ್ಲಿ ಹೈಕೋರ್ಟು ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. 2015ರಲ್ಲಿ ಸುಪ್ರೀಂ ಕೋರ್ಟು ಆರು ಮಂದಿಯ ಶಿಕ್ಷೆಯನ್ನು ಎತ್ತಿ ಹಿಡಿಯಿತು. ಹತ್ತು ವರ್ಷ ಬೆನ್ನು ಹತ್ತಿದ್ದರಿಂದ ಆದದ್ದು ಇದು. ಅವರು ಬದುಕಿದ್ದಾಗ, ಬೀಗ ಜಡಿಸುವ ಮೊದಲು, ಅದರ ಕಾಲು ಭಾಗದಷ್ಟು ಜನ ಅವರ ಜೊತೆ ನಿಂತಿದ್ದರೆ? ಈ ಪ್ರಶ್ನೆ ನಮ್ಮನ್ನು ಆ ಬಸ್ಸಿನಲ್ಲಿ ಕಾಡಿತು.

ಊರಿಗೆ ಬಂದವರೇ ಗುರುಮಠದ ಹಳೆಯ ಸಹಪಾಠಿಯೊಬ್ಬರಿಗೆ ಫೋನು ಮಾಡಿದೆವು. ಅವರು ಗುರುದೀಕ್ಷೆಗೆ ಮುನ್ನವೇ ಹೊರಬಂದು ಈಗ ಬೆಂಗಳೂರಿನಲ್ಲಿ ವಕೀಲರು. ಅವರ ಮೂಲಕ ಕೊಯಮತ್ತೂರಿನ ಒಬ್ಬ ವಕೀಲರ ಪರಿಚಯವಾಯಿತು. ಜುಲೈ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನಾವು ಮೂವರೂ, ತಾಯಿ, ಮಗ, ನಾವು, ಅವರ ಮನೆಗೆ ಹೋದೆವು. ಬಾಗಿಲು ತೆರೆದ ಹೆಂಗಸು ಕನ್ನಡದಲ್ಲೇ "ಬನ್ನಿ, ಕುಂದರಿ" ಎಂದದ್ದು ಕೇಳಿ ಆ ತಾಯಿಯ ಮುಖ ಅರಳಿತು. ನೇಕಾರ ದೇವಾಂಗರ ಮನೆಯವರು. ತಲೆಮಾರುಗಳಿಂದ ಅಲ್ಲೇ ಇದ್ದಾರೆ. ಮನೆಯಲ್ಲಿ ಕನ್ನಡ ಮಾತು, ಓದುಬರಹ ಎಲ್ಲ ತಮಿಳು. ಆ ಸೀಮೆಯಲ್ಲಿ ಇಂಥ ಮನೆಗಳು ಬಹಳ.

ನಾವು ವಿಷಯ ವಿವರಿಸಲು ಆರಂಭಿಸಿದಾಗ ಅವರು ಕೈ ಅಡ್ಡ ಹಿಡಿದರು. "ಫಾದರ್, ನೀವು ಸ್ವಲ್ಪ ಹೊರಗೆ ಕೂತಿರಿ. ಅಮ್ಮನೂ ಅಷ್ಟೆ." ನಮಗೆ ಮುಖಭಂಗವಾದಂತಾಯಿತು. ಆಮೇಲೆ ಕಾಫಿ ಕೊಡುವಾಗ ಅವರೇ ಕಾರಣ ಹೇಳಿದರು. ಕಕ್ಷಿದಾರ ವಕೀಲರಿಗೆ ಹೇಳಿದ್ದನ್ನು ಬಯಲು ಮಾಡುವಂತಿಲ್ಲ ಎಂದು ಭಾರತದ ಸಾಕ್ಷ್ಯ ಕಾಯಿದೆಯೇ ರಕ್ಷಣೆ ಕೊಡುತ್ತದೆ. ಗಂಡ ಹೆಂಡಿರ ಮಾತಿಗೂ ಕೊಡುತ್ತದೆ. ಗುರುಗಳಿಗೆ ಹೇಳಿದ ಮಾತಿಗೆ ಅದರಲ್ಲಿ ಯಾವ ಕಲಮೂ ಇಲ್ಲ. "ನಿಮ್ಮ ಸಭೆಯ ಕಾನೂನು ನಿಮ್ಮ ಬಾಯಿ ಕಟ್ಟಬಹುದು, ಕೋರ್ಟಿನ ಬಾಯಿ ಕಟ್ಟಲ್ಲ." ಇಷ್ಟು ವರ್ಷ ಜನ ನಮ್ಮ ಮುಂದೆ ಎಷ್ಟೊಂದು ಹೇಳಿಕೊಂಡಿದ್ದಾರೆ, ನಮಗೆ ಈ ಮಾತು ಗೊತ್ತೇ ಇರಲಿಲ್ಲ.

ಅವನನ್ನು ಅವರು ಕೇಳಿದ ಮೊದಲ ಪ್ರಶ್ನೆ ಲಂಚ ಯಾರು ತೆಗೆದುಕೊಂಡರು ಎಂಬುದಲ್ಲ. "ತಮ್ಮಾ, ನೀನು ಎಲ್ಲಾದರೂ ಸಹಿ ಹಾಕಿದ್ದೀಯಾ?"

ಹಾಕಿದ್ದ. ಹದಿನಾಲ್ಕು ವೋಚರುಗಳಿಗೆ.

ಇಲ್ಲಿಯೇ ವಕೀಲರ ಅಗತ್ಯ ಏನೆಂದು ನಮಗೆ ಅರ್ಥವಾದದ್ದು. ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ತಿದ್ದುಪಡಿಯಾಗಿದೆ. ಅದರ ನಂತರ ಲಂಚ ಪಡೆದವರಂತೆ ಕೊಟ್ಟವರೂ ನೇರವಾಗಿ ಅಪರಾಧಿಗಳು. ಕಂಪನಿಯ ಪರವಾಗಿ ಕೊಟ್ಟರೆ ಕಂಪನಿಯೂ ಹೊಣೆ. ಬಲವಂತಕ್ಕೆ ಕೊಟ್ಟವರಿಗೆ ಒಂದು ಬಾಗಿಲಿದೆ. ಆದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿರಬೇಕು. ಮೊದಲು ಲಂಚ ಕೊಟ್ಟವನ ಹೇಳಿಕೆಗೆ ಇದ್ದ ರಕ್ಷಣೆಯ 24ನೆಯ ಕಲಮನ್ನು ಅದೇ ತಿದ್ದುಪಡಿ ತೆಗೆದುಹಾಕಿದೆ. ಅಂದರೆ ನಮ್ಮ ಹುಡುಗ ಆವೇಶದಲ್ಲಿ ಠಾಣೆಗೆ ಹೋಗಿ ಎಲ್ಲ ಒಪ್ಪಿಸಿದ್ದರೆ, ಆರೋಪಿಗಳ ಪಟ್ಟಿಯಲ್ಲಿ ಅವನ ಹೆಸರೂ ಸೇರುವ ಸಂಭವವಿತ್ತು. ಮಾಲೀಕರಿಗೆ ವಕೀಲರಿದ್ದಾರೆ, ಏಜೆಂಟನಿಗೆ ಬೇಕಾದವರಿದ್ದಾರೆ. ಇವನ ಕಡೆಗೆ ಇದ್ದವರು, ತಂಟೆ ಬೇಡ ಎಂದ ನಾವು.

ಎರಡನೆಯದು, ಅವನ ಫೋನು. ಅದರಲ್ಲಿ ವೋಚರುಗಳ ಚಿತ್ರಗಳು, ಕಂಪನಿಯ ಕಂಪ್ಯೂಟರಿನಿಂದ ಇಳಿಸಿಕೊಂಡ ಕಡತಗಳು. ಹೆಮ್ಮೆಯಿಂದ ತೋರಿಸಿದ. ವಕೀಲರು ಗದರಿದರು. ಅನುಮತಿ ಇಲ್ಲದೆ ಮಾಹಿತಿ ಇಳಿಸಿಕೊಂಡರೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಂ ಅವನ ಮೇಲೆಯೇ ತಿರುಗಬಹುದು. ಲಂಚದ ದೂರು ಪಕ್ಕಕ್ಕೆ ಹೋಗಿ ಕಳವಿನ ದೂರು ಮುಂದೆ ಬರುತ್ತದೆ. ಹೀಗೆ ಆಗುವುದು ಮಾಮೂಲು ಎಂದರು. ಇನ್ನು ಮೇಲೆ ಏನೂ ತರಬೇಡ. ಕೆಲಸದಲ್ಲಿ ಕಂಡದ್ದನ್ನು, ಯಾವ ದಿನ, ಯಾರು ಹೇಳಿದರು, ಯಾವ ಮಾತಿನಲ್ಲಿ ಹೇಳಿದರು ಎಂದು ಮನೆಗೆ ಬಂದು ನೋಟ್ ಬುಕ್ಕಿನಲ್ಲಿ ಬರೆ. ಆಫೀಸಿನ ಫೋನಿನಲ್ಲಿ, ಆಫೀಸಿನ ಮೇಲ್‌ನಲ್ಲಿ ಈ ಬಗ್ಗೆ ಒಂದಕ್ಷರವೂ ಬೇಡ. ಗೆಳೆಯರಿಗೆ ಹೇಳಬೇಡ.

ಮೂರನೆಯದು, ಯಾರಿಗೆ ಹೇಳುವುದು? ಇದರಲ್ಲಿ ಬಹಳ ಹೊತ್ತು ಹೋಯಿತು.

ದುಬೆ ಅವರ ಕೊಲೆಯ ನಂತರ, 2004ರ ಏಪ್ರಿಲಿನಲ್ಲಿ, ಕೇಂದ್ರ ಸರಕಾರ ಒಂದು ನಿರ್ಣಯ ಹೊರಡಿಸಿ ಕೇಂದ್ರ ಜಾಗೃತ ಆಯೋಗಕ್ಕೆ ಗುಟ್ಟಾಗಿ ದೂರು ಕಳುಹಿಸುವ ವ್ಯವಸ್ಥೆ ಮಾಡಿತು. ಅದು ಕೇಂದ್ರದ ನೌಕರರು, ಕೇಂದ್ರದ ಉದ್ದಿಮೆಗಳಿಗೆ ಸಂಬಂಧಿಸಿದ್ದು. 2014ರಲ್ಲಿ ಇಂಥವರ ರಕ್ಷಣೆಗೆಂದೇ ಸಂಸತ್ತು ಕಾಯಿದೆ ಮಾಡಿತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು; ಜಾರಿಗೆ ತರುವ ಅಧಿಸೂಚನೆ ಮಾತ್ರ ಹೊರಬೀಳಲೇ ಇಲ್ಲ. ಬಂದಿದ್ದರೂ ಅದು ಸರಕಾರಿ ನೌಕರರ ವಿರುದ್ಧದ ದೂರಿಗೆ. ಖಾಸಗಿ ಕಂಪನಿಯೊಳಗಿನ ವಂಚನೆಗೆ ಅಲ್ಲ. 2013ರ ಕಂಪನಿ ಕಾಯಿದೆಯ 177ನೆಯ ಕಲಂ ಪ್ರಕಾರ ಷೇರುಪೇಟೆಯಲ್ಲಿರುವ ಕಂಪನಿಗಳು, ಬ್ಯಾಂಕುಗಳಿಂದ 50 ಕೋಟಿಗೂ ಮೀರಿ ಸಾಲ ಪಡೆದ ಕಂಪನಿಗಳು ನೌಕರರ ದೂರಿಗೆ ಒಂದು ವ್ಯವಸ್ಥೆ ಇಡಬೇಕು. ನಮ್ಮ ಹುಡುಗನದು ಮನೆತನದ ಕಂಪನಿ. ಅಲ್ಲಿ ದೂರು ಹೇಳಬೇಕಾದದ್ದು ಮಾಲೀಕರ ಭಾವಮೈದುನನ ಹತ್ತಿರ!

ವಿದೇಶದ ನೆಲದಲ್ಲಿ ಲಂಚ ಕೊಟ್ಟ ಭಾರತೀಯ ಕಂಪನಿಯನ್ನು ಶಿಕ್ಷಿಸಲು ನಮ್ಮಲ್ಲಿ ಪ್ರತ್ಯೇಕ ಕಾನೂನೇ ಇಲ್ಲ. 2011ರಲ್ಲಿ ಮಸೂದೆ ತಂದರು, ಅದು ಬಿದ್ದುಹೋಯಿತು. ಆದರೆ ವಿದೇಶಿ ಕಂಪನಿಗಳು ಇಲ್ಲಿ ಲಂಚ ಕೊಟ್ಟರೆ ಅವರ ದೇಶದಲ್ಲಿ ಹಿಡಿಯಬಹುದು. ಅಮೆರಿಕದಲ್ಲಿ 1977ರಿಂದ ಕಾನೂನಿದೆ. ಯುರೋಪು ತಡವಾಗಿ ಎಚ್ಚೆತ್ತದ್ದು. ಜರ್ಮನಿಯಲ್ಲಿ ವಿದೇಶದಲ್ಲಿ ಕೊಟ್ಟ ಲಂಚವನ್ನು ಖರ್ಚೆಂದು ತೋರಿಸಿ ತೆರಿಗೆ ಉಳಿಸಿಕೊಳ್ಳುವ ಅವಕಾಶ 1999ರವರೆಗೂ ಇತ್ತು ಎಂದು ವಕೀಲರು ಹೇಳಿದಾಗ ನಾವು ಮತ್ತೊಮ್ಮೆ ಹೇಳಿಸಿಕೊಂಡೆವು.

ತಮಿಳುನಾಡಿನದೇ ಉದಾಹರಣೆ ಕೊಟ್ಟರು. ಚೆನ್ನೈಯಲ್ಲಿ ಕಾಗ್ನಿಜೆಂಟ್ ಕಂಪನಿಯ ಹೊಸ ಕಟ್ಟಡಗಳ ಅನುಮತಿಗಾಗಿ 2014ರಲ್ಲಿ 20 ಲಕ್ಷ ಡಾಲರ್ ಲಂಚಕ್ಕೆ ಒಪ್ಪಿಗೆ ಕೊಟ್ಟರೆಂದು, ಗುತ್ತಿಗೆದಾರರ ಮೂಲಕ ಕೊಡಿಸಿ ಆ ಹಣವನ್ನು ಕಾಮಗಾರಿಯ ಬಿಲ್ಲಿನಲ್ಲಿ ಹೆಚ್ಚುವರಿ ಕೆಲಸವೆಂದು ಸೇರಿಸಿದರೆಂದು ಅಮೆರಿಕದ ಷೇರು ಮಾರುಕಟ್ಟೆ ಆಯೋಗ ಆರೋಪಿಸಿತು. ಕಂಪನಿ ತಾನಾಗಿಯೇ ವಿಷಯ ತಿಳಿಸಿ, ತಪ್ಪೊಪ್ಪಿಕೊಳ್ಳದೆಯೇ, 2019ರಲ್ಲಿ 2 ಕೋಟಿ 50 ಲಕ್ಷ ಡಾಲರ್ ತೆತ್ತು ಇತ್ಯರ್ಥ ಮಾಡಿಕೊಂಡಿತು. ಇಬ್ಬರು ಹಿರಿಯ ಅಧಿಕಾರಿಗಳ ಮೇಲೆ ಕ್ರಿಮಿನಲ್ ಮೊಕದ್ದಮೆ ಹಾಕಿದ್ದರು. ಅವರು ಆರೋಪ ಅಲ್ಲಗಳೆದಿದ್ದರು. (ಆ ಮೊಕದ್ದಮೆ ವಿಚಾರಣೆಗೆ ಬರುವ ಮೊದಲೇ, 2025ರಲ್ಲಿ, ಅಮೆರಿಕ ಸರಕಾರ ಆ ಕಾನೂನಿನ ಜಾರಿಯನ್ನೇ ಕೆಲವು ತಿಂಗಳು ತಡೆಹಿಡಿದು ಮರುಪರಿಶೀಲಿಸಿದಾಗ, ವಾಪಸಾಯಿತು. ಕಾನೂನು ಪುಸ್ತಕದಲ್ಲಿದ್ದರೆ ಸಾಲದು ಎಂಬುದು ಅಲ್ಲಿಯೂ ಅಷ್ಟೇ ನಿಜ.) ಚೆನ್ನೈಯ ಬಿಲ್ಲು, ತಿರುಪ್ಪೂರಿನ ಪೀಸಿನ ಪೈಸೆ, ಎರಡೂ ಒಂದೇ ಪಾಠಶಾಲೆಯಲ್ಲಿ ಕಲಿತ ಲೆಕ್ಕ.

ಅಮೆರಿಕದ ಆ ಆಯೋಗಕ್ಕೆ ಸುಳಿವು ಕೊಟ್ಟವರಿಗೆ, 10 ಲಕ್ಷ ಡಾಲರಿಗೂ ಹೆಚ್ಚು ದಂಡ ಬಿದ್ದರೆ, ಅದರಲ್ಲಿ ನೂರಕ್ಕೆ 10ರಿಂದ 30ರವರೆಗೆ ಬಹುಮಾನ ಉಂಟು. ವಿದೇಶಿಯರಿಗೂ ಸಿಗುತ್ತದೆ. ಹೆಸರು ಹೇಳದೆ ದೂರು ಕೊಡುವುದಾದರೆ ಅಲ್ಲಿನ ವಕೀಲರ ಮೂಲಕವೇ ಹೋಗಬೇಕು. ರ‍್ಯಾನ್‌ಬ್ಯಾಕ್ಸಿ ಔಷಧಿ ಕಂಪನಿಯ ಸುಳ್ಳು ದಾಖಲೆಗಳನ್ನು ಹೊರಗೆಡವಿದ ದಿನೇಶ್ ಠಾಕೂರ್ ಅವರಿಗೆ ಅಲ್ಲಿಯ ಬೇರೊಂದು ಕಾನೂನಿನಡಿ 2013ರಲ್ಲಿ 4 ಕೋಟಿ 80 ಲಕ್ಷ ಡಾಲರ್ ಪಾಲು ಬಂತು. ಇದನ್ನು ಕೇಳಿ ನಮ್ಮ ಹುಡುಗನ ಕಣ್ಣು ಅಗಲವಾಯಿತು. ವಕೀಲರು ನಕ್ಕರು. ಠಾಕೂರ್ ಅವರು ಎಂಟು ವರ್ಷ ಕಾದರು, ಅವರಿಗೆ ಅಮೆರಿಕದಲ್ಲಿ ಒಳ್ಳೆಯ ವಕೀಲರಿದ್ದರು. ಚೀನಾದಲ್ಲಿದ್ದ ಸೀಮೆನ್ಸ್ ನೌಕರನೊಬ್ಬ ಲಂಚದ ವಿಷಯ ಎತ್ತಿ ಕೆಲಸ ಕಳೆದುಕೊಂಡಾಗ, ಅಮೆರಿಕದ ಕಾನೂನಿನ ಆ ರಕ್ಷಣೆ ನಮ್ಮ ದೇಶದ ಹೊರಗೆ ನಡೆಯದು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2014ರಲ್ಲಿ ಹೇಳಿತು. ಹೊರದೇಶದವನಿಗೆ ಬಹುಮಾನ ಉಂಟು, ರಕ್ಷಣೆ ಇಲ್ಲ. "ನಿನ್ನ ಕಂಪನಿ ಯುರೋಪಿನದು, ಆ ಕನಸು ಬಿಡು," ಎಂದರು.

ಕೊನೆಗೆ ತೀರ್ಮಾನವಾದದ್ದು, ವಿದೇಶಿ ಸಂಸ್ಥೆ ಹೊರಗಿನ ವಕೀಲರೊಬ್ಬರನ್ನು ದೂರು ಕೇಳಲು ನೇಮಿಸಿತ್ತು, ಅವರಿಗೇ ಬರೆಯುವುದು. ಗೋಡೆಯ ಮೇಲಿನ ನಂಬರಿಗೆ ಫೋನು ಮಾಡುವುದು ಬೇಡ. ಯುರೋಪು ಒಕ್ಕೂಟದ 2019ರ ನಿರ್ದೇಶನದಂತೆ ದೂರು ತಲುಪಿದ್ದನ್ನು ಏಳು ದಿನದಲ್ಲಿ ತಿಳಿಸಬೇಕು, ಮೂರು ತಿಂಗಳಲ್ಲಿ ಏನು ಮಾಡಿದೆವೆಂದು ಹೇಳಬೇಕು. ಪತ್ರವನ್ನು ನಮ್ಮ ವಕೀಲರೇ ಇಂಗ್ಲಿಷಿನಲ್ಲಿ ಬರೆದರು. ಅವನ ಹದಿನಾಲ್ಕು ಸಹಿಗಳ ವಿಷಯ ಅದರಲ್ಲಿ ಹೇಗೆ ಬರಬೇಕು ಎಂಬುದಕ್ಕೇ ಎರಡು ಭಾನುವಾರ ಹಿಡಿಯಿತು. ಶುಲ್ಕವನ್ನು ತಾಯಿ ಎರಡು ಕಂತಿನಲ್ಲಿ ಕೊಟ್ಟರು. ನಾವು ಕೊಡುತ್ತೇವೆಂದರೂ ಕೇಳಲಿಲ್ಲ.

ಶುಲ್ಕದ ಮಾತು ಬಂದದ್ದರಿಂದ ಒಂದು ವಿಷಯ ಇಲ್ಲಿಯೇ ಹೇಳಿಬಿಡುತ್ತೇವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಖಾನೆಯ ಕಾರ್ಮಿಕರಿಗೆ ವಕೀಲರ ನೆರವು ಉಚಿತ. ಆದಾಯ ಎಷ್ಟೆಂದು ಕೇಳುವಂತಿಲ್ಲ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೂ ಅದರ ಕಚೇರಿ ಇದೆ. 15100 ಸಂಖ್ಯೆಗೆ ಫೋನು ಮಾಡಿದರೂ ಆಗುತ್ತದೆ. ಅಲ್ಲಿ ಸಿಗುವ ವಕೀಲರಿಗೆ ಕಂಪನಿ ಲಂಚದ ವಿಷಯ ಗೊತ್ತಿರಲಾರದು, ಜಾಮೀನು, ಜೀವನಾಂಶವೇ ಅವರಿಗೆ ಹೆಚ್ಚು ಪರಿಚಿತ. ಆದರೂ ಬಾಯಿ ಬಿಡುವ ಮೊದಲು ಒಬ್ಬ ವಕೀಲರನ್ನು ಕಾಣುವುದು, ನಮ್ಮಂಥವರ ಮಾತು ಕೇಳುವುದಕ್ಕಿಂತ ಮೇಲು.

ಆಗಸ್ಟಿನಲ್ಲಿ ಪತ್ರ ಹೋಯಿತು. ಐದನೆಯ ದಿನ ತಲುಪಿತೆಂದು ಉತ್ತರ ಬಂತು. ಆಮೇಲೆ ನಿಶ್ಶಬ್ದ. ಹುಡುಗ ದಿನಾ ರಾತ್ರಿ ನಮಗೆ ಫೋನು ಮಾಡುತ್ತಿದ್ದ. ವ್ಯಾನಿನಲ್ಲಿ ಯಾರು ತನ್ನನ್ನು ಹೇಗೆ ನೋಡಿದರು ಎಂದೆಲ್ಲ ಹೇಳುತ್ತಿದ್ದ. ನವೆಂಬರಿನಲ್ಲಿ ಮೂವರು ತಪಾಸಣೆಗೆಂದು ಬಂದರು. ಮೂರು ವರ್ಷದ ವೋಚರುಗಳನ್ನು ಕೇಳಿದರು. ಅವರು ಹೋದ ಎರಡನೆಯ ವಾರ ಇವನನ್ನು ಲೆಕ್ಕಪತ್ರದಿಂದ ಗೋದಾಮಿಗೆ ಹಾಕಿದರು. ಯಾರೂ ಏನೂ ಹೇಳಲಿಲ್ಲ, ಬೈಯಲಿಲ್ಲ. ಮೇಜಿನ ಮೇಲೆ ಬೇರೆ ಹುಡುಗ ಕುಳಿತಿದ್ದ, ಅಷ್ಟೆ. 2024ರ ಫೆಬ್ರವರಿಯಲ್ಲಿ ಕರೆದು, ಎರಡು ತಿಂಗಳ ಸಂಬಳ ಹೆಚ್ಚುವರಿ ಕೊಡುತ್ತೇವೆ, ಬಿಟ್ಟು ಹೋಗು ಎಂದು ಒಂದು ಕಾಗದ ಮುಂದಿಟ್ಟರು. ಕಂಪನಿಯ ವಿಷಯ ಯಾವ ಸರಕಾರಿ ಸಂಸ್ಥೆಗೂ, ಯಾವ ಗಿರಾಕಿಗೂ ಎಂದೂ ಹೇಳಲಾರೆ ಎಂಬ ಒಂದು ಸಾಲು ಅದರಲ್ಲಿತ್ತು.

ಸಹಿ ಎಂದ ಕೂಡಲೇ ಅವನಿಗೆ ವಕೀಲರ ನೆನಪಾಯಿತು. ನಾಳೆ ಹೇಳುತ್ತೇನೆಂದು ಹೊರಗೆ ಬಂದ. ಇಂಥದೇ ಸಾಲಿಗಾಗಿ ದೊಡ್ಡ ಕಂಪನಿಯೊಂದು ದಂಡ ತೆತ್ತ ಕಥೆ ಅವರು ಹೇಳಿದರು. ಬಿಯರ್ ತಯಾರಿಸುವ ಎಬಿ ಇನ್‌ಬೆವ್ ಕಂಪನಿ ಭಾರತದಲ್ಲಿ ಲಂಚ ಕೊಡಿಸಿದ್ದಲ್ಲದೆ, ಅದನ್ನು ಹೊರಗೆ ಹೇಳಿದ ನೌಕರನ ಬಾಯಿ ಕಟ್ಟುವ ಒಪ್ಪಂದ ಬರೆಸಿಕೊಂಡಿತ್ತು; ಮೀರಿದರೆ 2,50,000 ಡಾಲರ್ ಕೊಡಬೇಕೆಂಬ ಷರತ್ತು. ಅಮೆರಿಕದ ಆಯೋಗದ ಜೊತೆ ಮಾತಾಡುತ್ತಿದ್ದ ಆ ಮನುಷ್ಯ ಹೆದರಿ ಸುಮ್ಮನಾದ. 2016ರಲ್ಲಿ ಆಯೋಗ ಈ ಎರಡೂ ತಪ್ಪಿಗೆ ಸೇರಿಸಿ ಕಂಪನಿಯಿಂದ 60 ಲಕ್ಷ ಡಾಲರ್ ವಸೂಲು ಮಾಡಿತು. ನಮ್ಮ ಹುಡುಗನಿಗೆ ಆ ಆಯೋಗವಿಲ್ಲ. ಆ ಸಾಲು ಹೊಡೆದರೆ ಸಹಿ ಹಾಕುತ್ತೇನೆ ಎಂದ, ಅವರು ಹೊಡೆಯಲಿಲ್ಲ. ಎರಡು ತಿಂಗಳ ಸಂಬಳ ಬಿಟ್ಟು ಬಂದ. ಐದು ವರ್ಷ ತುಂಬಿರದ ಕಾರಣ ಗ್ರ್ಯಾಚುಯಿಟಿಯೂ ಇಲ್ಲ. ಭವಿಷ್ಯನಿಧಿ ಮಾತ್ರ ಕೈಗೆ ಬಂತು.

ವಿದೇಶದಿಂದ ಎರಡು ಸಾಲಿನ ಪತ್ರ ಬಂದಿತ್ತು. ದೂರಿನಲ್ಲಿ ಹುರುಳಿದೆ, ಸೂಕ್ತ ಕ್ರಮ ಕೈಗೊಂಡಿದ್ದೇವೆ, ವಂದನೆಗಳು. ಏನು ಕ್ರಮವೆಂದು ತಿಳಿಸಲಿಲ್ಲ. ಅವನ ಮೇಲೆ ಇಂದಿನವರೆಗೆ ಯಾವ ದೂರೂ ಬಂದಿಲ್ಲ. ಆ ಪತ್ರವನ್ನು ಅಷ್ಟು ಎಚ್ಚರದಿಂದ ಬರೆದದ್ದರ ಫಲ ಎಂದು ನಾವು ನಂಬಿದ್ದೇವೆ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತಿತ್ತು. ಮುಂದಿನ ಹಂಗಾಮಿನಲ್ಲಿ ಆ ಸಂಸ್ಥೆ ಆರ್ಡರ್ ಕಡಿಮೆ ಮಾಡಿತು. ಒಂದು ಲೈನ್ ಪೂರ್ತಿ ನಿಂತಿತು. ಅದರಲ್ಲಿ ನಮ್ಮ ಧರ್ಮಕೇಂದ್ರದ ಇಬ್ಬರು ಹೆಂಗಸರಿದ್ದರು. ಒಬ್ಬರು ಊರಿಗೆ ಬಂದ ಭಾನುವಾರ ಬಲಿಪೂಜೆ ಮುಗಿದ ಮೇಲೆ ಗುಡಿಯ ಬಾಗಿಲಲ್ಲೇ ನಮ್ಮನ್ನು ನಿಲ್ಲಿಸಿಕೊಂಡರು. "ಲಂಚ ತಕ್ಕೊಂಡೋರು ಚೆನ್ನಾಗವ್ರೆ, ಕೊಟ್ಟೋರು ಚೆನ್ನಾಗವ್ರೆ. ನಮ್ ಮಿಷನ್ ನಿಂತೋಯ್ತು ಫಾದರ್. ನಿಮ್ಗೆ ಇದು ಮೊದ್ಲೇ ಗೊತ್ತಿತ್ತಾ?" ಗೊತ್ತಿರಲಿಲ್ಲ ಎಂದೆವು. ನಿಜವೂ ಹೌದು. ಗೊತ್ತಿದ್ದರೆ ಏನು ಹೇಳುತ್ತಿದ್ದೆವೋ ನಮಗೇ ತಿಳಿಯದು. ಅವರು ಏಳು ತಿಂಗಳ ಮೇಲೆ ಬೇರೊಂದು ಕಂಪನಿ ಸೇರಿದರು. ನಮ್ಮ ಜೊತೆ ಈಗ ಮಾತಾಡುತ್ತಾರೆ, ಆ ತಾಯಿಯ ಜೊತೆ ಇಲ್ಲ.

ಹುಡುಗ ಈಗ ಕೊಳ್ಳೇಗಾಲದಲ್ಲಿ ಅಂಗಡಿಗಳವರಿಗೆ ಜಿ.ಎಸ್.ಟಿ. ಲೆಕ್ಕ ಬರೆದುಕೊಡುತ್ತಾನೆ. ಸಂಪಾದನೆ ಮೊದಲಿನ ಅರ್ಧ. ತಂಗಿಯ ಮದುವೆ ಒಂದು ವರ್ಷ ಮುಂದೆ ಹೋಯಿತು.

ಕಳೆದ ತಿಂಗಳು ಬೆಂಗಳೂರಿನಿಂದ ಒಬ್ಬ ಹುಡುಗಿ ಬಂದಿದ್ದಳು, ನಮ್ಮ ಉಪದೇಶಿಯವರ ಸಂಬಂಧಿ. ಆಸ್ಪತ್ರೆಗಳಿಗೆ ಯಂತ್ರ ಮಾರುವ ವಿದೇಶಿ ಕಂಪನಿಯಲ್ಲಿ ಕೆಲಸ. ಯಾರಿಗೋ ಹೋಗುವ ಹಣದ ಕಾಗದಗಳು ತನ್ನ ಕೈಯಿಂದ ಹಾದುಹೋಗುತ್ತಿವೆ ಎಂದು ಶುರು ಮಾಡಿದಳು. ಹೆಚ್ಚು ಹೇಳುವ ಮೊದಲೇ ನಾವು ಕೈ ಅಡ್ಡ ಹಿಡಿದು, ಫೋನು ತೆಗೆದು ಕೊಯಮತ್ತೂರಿನ ನಂಬರು ಹುಡುಕಿದೆವು. ಅದು ಸಿಗುವವರೆಗೆ ಅವಳನ್ನು ಒಂದೇ ಪ್ರಶ್ನೆ ಕೇಳಿದೆವು.

"ಮಗಳೇ, ನೀನು ಎಲ್ಲಾದರೂ ಸಹಿ ಹಾಕಿದ್ದೀಯಾ?"